ಎಣಿಕೆಯೋ ಇಕ್ಕಟ್ಟೋ: ದಾಳಿಂಬೆ ಅಂಗಮಾರಿ ದುಂಡಾಣುವಿನ ಉಗ್ರತೆಯ ಜೀನುಗಳ ಬಗ್ಗೆ ಒಂದು ಮರುವಿಚಾರ

ಗ್ರಾಮಸಭೆಗೆ ಕೋರಂ ಬೇಕು. ಇಂತಿಷ್ಟು ಜನ ಸೇರದಿದ್ದರೆ ಸಭೆ ನಡೆಯದು, ತೀರ್ಮಾನವೂ ಆಗದು. 1994ರಲ್ಲಿ ಫುಕ್ವಾ, ವಿನಾನ್ಸ್ ಮತ್ತು ಗ್ರೀನ್‌ಬರ್ಗ್ ಅವರು ಬ್ಯಾಕ್ಟೀರಿಯಾಗಳ ಒಳಮಾತಿಗೆ ಹೆಸರಿಡುವಾಗ ಈ ಪದವನ್ನೇ ಎತ್ತಿಕೊಂಡರು: ಕೋರಂ ಸಂವೇದನೆ. ಪ್ರತಿ ಕೋಶವೂ ಒಂದಿಷ್ಟು ಸಂಕೇತ ವಸ್ತುವನ್ನು ಹೊರಬಿಡುತ್ತದೆ. ಕೋಶಗಳು ಹೆಚ್ಚಿದಂತೆ ಸುತ್ತಲಿನ ಸಂಕೇತ ದಟ್ಟವಾಗುತ್ತ ಹೋಗುತ್ತದೆ. ಅದು ಒಂದು ಮಟ್ಟ ಮುಟ್ಟಿದೊಡನೆ ರೋಗ ತರುವ ಜೀನುಗಳು ಚಾಲೂ ಆಗುತ್ತವೆ. ಒಂಟಿಯಾಗಿದ್ದಾಗ ಸುಮ್ಮನಿದ್ದು, ಸಾಕಷ್ಟು ಮಂದಿ ಕೂಡಿದ ಮೇಲೆ ಒಟ್ಟಿಗೆ ಎರಗುವ ಸೇನೆಯ ಚಿತ್ರ ಇದು.

ಪಾಠ ಹೇಳಲು ಈ ಚಿತ್ರ ಬಹಳ ಅನುಕೂಲ. ನಾನೂ ವರ್ಷಗಟ್ಟಲೆ ಹೀಗೆಯೇ ಹೇಳಿಕೊಟ್ಟಿದ್ದೇನೆ. ಆದರೆ ನಮ್ಮ ಕಡೆಯ ದಾಳಿಂಬೆ ತೋಟಗಳ ಅಂಗಮಾರಿಗೆ ಇದನ್ನು ಹೊಂದಿಸಲು ಹೊರಟಾಗ ಅದು ಸರಿಯಾಗಿ ಕೂರುವುದಿಲ್ಲ. ಆ ದುಂಡಾಣು ತಲೆ ಎಣಿಸುವ ಮೊದಲೇ ತಾನಿರುವ ಜಾಗವನ್ನು ಅಳೆಯುತ್ತದೆ ಎಂಬುದು ಈ ಲೇಖನದ ವಾದ. ಹೀಗೆ ನೋಡಿದರೆ ಮೃಗ ಬಹಾರಿನಲ್ಲಿ, ಎಂದರೆ ಜೂನ್–ಜುಲೈಯ ಹೂವಿನ ಹಂಗಾಮಿನಲ್ಲಿ, ರೋಗ ಏಕೆ ಉಕ್ಕುತ್ತದೆ, ಔಷಧ ಏಕೆ ತಡವಾಗಿ ಮುಟ್ಟುತ್ತದೆ ಎಂಬ ಪ್ರಶ್ನೆಗಳೂ ಬೇರೆ ಬೆಳಕಿನಲ್ಲಿ ಕಾಣುತ್ತವೆ.

ಪ್ರದೇಶ ಮತ್ತು ರೋಗ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಗೆ ಬಳ್ಳಾರಿಯವರ ಬಾಯಲ್ಲಿ ಬಹುಕಾಲ ‘ಪಶ್ಚಿಮ ತಾಲ್ಲೂಕುಗಳು’ ಎಂದೇ ಹೆಸರು. 2021ರಿಂದ ಇವು ವಿಜಯನಗರ ಜಿಲ್ಲೆಗೆ ಸೇರಿವೆ. ಹರಪನಹಳ್ಳಿಯ ಮಟ್ಟಿಗೆ ಇನ್ನೊಂದು ಮಾತು: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ ಆ ತಾಲ್ಲೂಕು ಎರಡು ದಶಕದ ಮೇಲೆ ಬಳ್ಳಾರಿಗೆ ಮರಳಿ, ಅಲ್ಲಿಂದ ವಿಜಯನಗರಕ್ಕೆ ಬಂತು. ಈ ಸೀಮೆಯ ರೋಗದ ದೀರ್ಘ ಚರಿತ್ರೆ ಬರೆಯುವವರು ಜಿಲ್ಲಾವಾರು ಅಂಕಿಗಳನ್ನು ಹಾಗೆಯೇ ನಂಬಿದರೆ ಮೋಸ ಹೋಗುತ್ತಾರೆ. ಮೂರು ಜಿಲ್ಲೆಗಳ ಕಡತಗಳನ್ನು ಹೊಲಿದುಕೊಂಡೇ ಮುಂದುವರಿಯಬೇಕು.

ಮಳೆ ಕಡಿಮೆ, ನೆಲ ಬಹುಪಾಲು ಕೆಂಪು, ಬೋರ್‌ವೆಲ್ಲಿನ ನೀರು ಡ್ರಿಪ್ಪಿನಲ್ಲಿ ತೊಟ್ಟಿಕ್ಕಬೇಕು. ಇಂಥ ಕಡೆ ದಾಳಿಂಬೆ ರೈತನ ಕೈ ಹಿಡಿಯುವ ಬೆಳೆ. ಮೊದಲು ಗಣೇಶ್, ಆಮೇಲೆ ಮೃದುಲಾ, ಅದರಾಚೆಗೆ ಇಲ್ಲಿ ‘ಕೇಸರ್’ ಎಂದು ಕರೆಯುವ ಭಗವಾ ತಳಿ ಬಂತು. ಗೂಟಿ ಸಸಿಗಳು ಊರಿಂದೂರಿಗೆ ಸಾಗಿದವು, ಅವುಗಳೊಡನೆ ರೋಗವೂ ಸಾಗಿತು. 2000ದ ದಶಕದಲ್ಲಿ ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಅಂಗಮಾರಿ ಎಷ್ಟು ಹಬ್ಬಿತೆಂದರೆ, ಸಾಲ ಮಾಡಿ ಬೆಳೆಸಿದ ಗಿಡಗಳನ್ನು ರೈತರು ತಾವೇ ಬುಡಸಮೇತ ಕಿತ್ತು ಬೆಂಕಿಗೆ ಹಾಕಿದರು. 2009ರ ಜೂನಿನಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆದ ಅಂತರರಾಷ್ಟ್ರೀಯ ದಾಳಿಂಬೆ ಸಮ್ಮೇಳನದ ಮುಂದಿದ್ದ ದೊಡ್ಡ ಚಿಂತೆಗಳಲ್ಲಿ ಈ ರೋಗವೂ ಒಂದು.

ರೋಗಾಣುವಿನ ಗುರುತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1952ರಲ್ಲಿ ಹಿಂಗೋರಾನಿ ಮತ್ತು ಮೆಹ್ತಾ ದೆಹಲಿಯಿಂದ ರೋಗವನ್ನು ವರದಿ ಮಾಡಿದರು. 1959ರಲ್ಲಿ ಹಿಂಗೋರಾನಿ ಮತ್ತು ಸಿಂಗ್ ದುಂಡಾಣುವಿಗೆ ಕ್ಸಾಂಥೋಮೊನಾಸ್ ಪುನಿಕೆ ಎಂದು ಹೆಸರಿಟ್ಟರು. ಅದು ಮುಂದೆ ಕ್ಸಾಂಥೋಮೊನಾಸ್ ಕ್ಯಾಂಪೆಸ್ಟ್ರಿಸ್ ಆಯಿತು, ಆಕ್ಸೊನೊಪೊಡಿಸ್ ಆಯಿತು. ಈಗಿನ ವರ್ಗೀಕರಣ ಅದನ್ನು ನಿಂಬೆಯ ಕಜ್ಜಿರೋಗದ ದುಂಡಾಣುವಿನ ಜೊತೆಗೆ, ಕ್ಸಾಂಥೋಮೊನಾಸ್ ಸಿಟ್ರಿ ಪ್ರಭೇದದಲ್ಲಿ ಇಡುತ್ತದೆ. ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯವರು 2012ರಲ್ಲಿ ಎಲ್‌ಎಮ್‌ಜಿ 859 ಎಂಬ ತಳಿಯ ಜೀನೋಮನ್ನು ಓದಿ ಪ್ರಕಟಿಸಿದ್ದಾರೆ. ನಿಂಬೆಯ ದುಂಡಾಣುವಿನ ಈ ನಂಟನ್ನು ಓದುಗರು ನೆನಪಿಡಬೇಕು. ಮುಂದಿನ ವಾದದ ಭಾರ ಬಹಳಷ್ಟು ಇದರ ಮೇಲೆ ಬೀಳುತ್ತದೆ. ‘ದುಂಡಾಣು’ ಎಂಬ ಪದದ ಬಗ್ಗೆಯೂ ಒಂದು ಮಾತು. ನಮ್ಮ ಕೃಷಿ ಸಾಹಿತ್ಯದಲ್ಲಿ ಅದು ಬ್ಯಾಕ್ಟೀರಿಯಾಕ್ಕೆ ನೆಲೆಯೂರಿದ ಪದ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಈ ಜೀವಿ ದುಂಡಗಿಲ್ಲ: ಬಾಲದಂಥ ಒಂದೇ ಕಶೆಯುಳ್ಳ ಪುಟ್ಟ ಕಡ್ಡಿ.

ತೋಟದಲ್ಲಿ ಕಾಣುವುದನ್ನು ಹತ್ತಿರದಿಂದ ನೋಡೋಣ. ಮೊದಲ ಗುರುತು ಎಲೆಯಲ್ಲಿ, ಗುಂಡುಸೂಜಿಯ ತಲೆಯಷ್ಟು ಜಾಗ ನೀರು ಕುಡಿದಂತೆ ಇರುತ್ತದೆ. ಎಲೆಯನ್ನು ಸೂರ್ಯನಿಗೆ ಹಿಡಿದರೆ ಅಷ್ಟು ಭಾಗ ಮಾತ್ರ ಎಣ್ಣೆ ಸವರಿದ ಕಾಗದದ ಹಾಗೆ ಬೆಳಕು ಬಿಡುತ್ತದೆ. ಆಮೇಲೆ ಅದು ಕಂದಾಗಿ, ಸುತ್ತ ಹಳದಿ ಅಂಚು ಕಟ್ಟುತ್ತದೆ. ಕಾಯಿಯ ಮೇಲಾದರೆ ಕಪ್ಪು ಮಚ್ಚೆ ಬಿದ್ದು, ಸಿಪ್ಪೆ ಇಂಗ್ಲಿಷಿನ ಎಲ್ ಅಥವಾ ವೈ ಅಕ್ಷರದ ಆಕಾರದಲ್ಲಿ ಸೀಳುತ್ತದೆ. ಕೊಟ್ಟೂರಿನ ಕಡೆಯ ಒಂದು ತೋಟದಲ್ಲಿ ಇಂಥ ಹೊಸ ಚುಕ್ಕೆಯೊಂದನ್ನು ಬ್ಲೇಡಿನಿಂದ ಅಡ್ಡ ಕೊಯ್ದು, ಗಾಜಿನ ಪಟ್ಟಿಯ ಮೇಲಿನ ನೀರ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೊಯ್ದ ಅಂಚಿನಿಂದ ಹೊಗೆಯಂಥ ಮಸುಕು ಪ್ರವಾಹವೊಂದು ನಿಲ್ಲದೆ ಹೊರಬರುತ್ತಿತ್ತು. ಅದಷ್ಟೂ ದುಂಡಾಣು. ಸಸ್ಯರೋಗ ಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಮಾಡುವ ಸಾಮಾನ್ಯ ಪರೀಕ್ಷೆ ಇದು, ಹೊಸದೇನಲ್ಲ. ನನ್ನ ಕಣ್ಣು ಹಿಡಿದಿದ್ದು ಇನ್ನೊಂದು ಸಂಗತಿ: ಅಷ್ಟು ದಟ್ಟವಾದ ಹೊನಲು ಅಡಗಿದ್ದದ್ದು ಒಂದು ಮಿಲಿಮೀಟರಿಗಿಂತ ಕಿರಿದಾದ ಜಾಗದಲ್ಲಿ.

ಎರಡು ಕೀಲಿಗಳು

ಕ್ಸಾಂಥೋಮೊನಾಸ್ ಕುಲದಲ್ಲಿ ಉಗ್ರತೆಯ ಜೀನುಗಳನ್ನು ಹತೋಟಿಯಲ್ಲಿಡುವ ಮುಖ್ಯ ವ್ಯವಸ್ಥೆಗಳು ಎರಡು. ಇವುಗಳ ವಿಷಯದಲ್ಲಿ ಒಮ್ಮತವಿರುವುದರಿಂದ ಚುಟುಕಾಗಿ ಹೇಳುತ್ತೇನೆ.

ಮೊದಲನೆಯದು ಎಚ್‌ಆರ್‌ಪಿ ಜೀನುಗಳ ಗೊಂಚಲು. 1986ರಲ್ಲಿ ಲಿಂಡ್‌ಗ್ರೆನ್ ಮತ್ತು ಸಂಗಡಿಗರು ಹುರುಳಿಕಾಯಿಯ ರೋಗಾಣುವೊಂದರಲ್ಲಿ ಇದನ್ನು ಕಂಡು ಹೆಸರಿಟ್ಟರು. ಇವು ದುಂಡಾಣುವಿನ ಮೈಯಿಂದ ಸಸ್ಯಕೋಶದೊಳಕ್ಕೆ ಪ್ರೋಟೀನುಗಳನ್ನು ಚುಚ್ಚಿ ಸಾಗಿಸುವ ಸೂಜಿಯಂಥ ಯಂತ್ರವನ್ನು ಕಟ್ಟುತ್ತವೆ. ಪ್ಲೇಗಿನ ರೋಗಾಣುವಿನಲ್ಲಿಯೂ ಇದೇ ಮನೆತನದ ಯಂತ್ರವಿದೆ ಎಂಬುದು 1990ರ ದಶಕದ ಮೊದಲಲ್ಲಿ ಬೆಳಕಿಗೆ ಬಂದಾಗ, ಗಿಡದ ರೋಗ ಬೇರೆ ಮನುಷ್ಯನ ರೋಗ ಬೇರೆ ಎಂದುಕೊಂಡಿದ್ದವರೆಲ್ಲ ಬೆರಗಾದರು. ಪ್ಲೇಗಿನ ರೋಗಾಣು ಆ ಯಂತ್ರವನ್ನು ತೆರೆಯುವುದು 37 ಡಿಗ್ರಿಯ ಬಿಸುಪಿಗೆ, ಎಂದರೆ ಬಿಸಿರಕ್ತದ ಮೈಗೆ. ಗಿಡದ ರೋಗಾಣುವಿಗೆ ಅಂಥ ಬಿಸುಪಿನ ಸುಳಿವು ಸಿಗದು. ಉಲ್ಲಾ ಬೋನಾಸ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ತೋರಿಸಿದಂತೆ, ಸಾರವತ್ತಾದ ದ್ರಾವಣದಲ್ಲಿ ಬೆಳೆದ ಕ್ಸಾಂಥೋಮೊನಾಸ್ ಈ ಜೀನುಗಳನ್ನು ಮುಚ್ಚಿಡುತ್ತದೆ. ಎಲೆಯೊಳಗೆ, ಅಥವಾ ಎಲೆಯ ಒಳರಸವನ್ನು ಹೋಲುವ ತೆಳು ದ್ರಾವಣದಲ್ಲಿ ಬಿಚ್ಚುತ್ತದೆ. ಎಚ್‌ಆರ್‌ಪಿ-ಜಿ ಎಂಬ ಪ್ರೋಟೀನು ಸುಳಿವು ಪಡೆದು ಎಚ್‌ಆರ್‌ಪಿ-ಎಕ್ಸ್ ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಎಚ್‌ಆರ್‌ಪಿ-ಎಕ್ಸ್ ಜೀನುಗಳ ಮುಂಬಾಗಿಲಲ್ಲಿರುವ ಗುರುತಿನ ಅಕ್ಷರಸಾಲಿಗೆ ಅಂಟಿಕೊಂಡು ಇಡೀ ಗೊಂಚಲನ್ನು ಚಾಲೂ ಮಾಡುತ್ತದೆ.

ಎರಡನೆಯದು ಆರ್‌ಪಿಎಫ್ ಗೊಂಚಲು. ಎಲೆಕೋಸಿನ ಕಪ್ಪುಕೊಳೆಯ ದುಂಡಾಣುವಿನಲ್ಲಿ ಡೇನಿಯಲ್ಸರ ಬಳಗ ಇದನ್ನು ಕಂಡದ್ದು 1991ರಲ್ಲಿ. ಇದರ ಸಂಕೇತ ವಸ್ತು ಒಂದು ಕೊಬ್ಬಿನಾಮ್ಲ. ಹೆಸರು ಡಿಎಸ್‌ಎಫ್, ಎಂದರೆ ‘ಹರಡಬಲ್ಲ ಸಂಕೇತ’. ಅದರ ರಚನೆ ಸಿಸ್-11-ಮೀಥೈಲ್-2-ಡೋಡೆಸಿನೋಯಿಕ್ ಆಮ್ಲ ಎಂದು 2004ರಲ್ಲಿ ತಿಳಿಯಿತು. ಆರ್‌ಪಿಎಫ್-ಎಫ್ ಅದನ್ನು ತಯಾರಿಸುತ್ತದೆ, ಆರ್‌ಪಿಎಫ್-ಸಿ ಅದನ್ನು ಗ್ರಹಿಸುತ್ತದೆ. ಆರ್‌ಪಿಎಫ್-ಜಿ ಕೋಶದೊಳಗಿನ ಸೈಕ್ಲಿಕ್ ಡೈ-ಜಿಎಂಪಿ ಎಂಬ ಅಣುವನ್ನು ಕತ್ತರಿಸಿ ಮಾತನ್ನು ಮುಂದಕ್ಕೆ ದಾಟಿಸುತ್ತದೆ. ಆಗ ಸಸ್ಯಕೋಶದ ಗೋಡೆ ಕರಗಿಸುವ ಕಿಣ್ವಗಳೂ ಕ್ಸಾಂಥನ್ ಎಂಬ ಅಂಟೂ ಹೊರಬರುತ್ತವೆ. ಸಾಸ್, ಐಸ್‌ಕ್ರೀಮುಗಳನ್ನು ಮಂದ ಮಾಡಲು ಹಾಕುವ ಕ್ಸಾಂಥನ್ ಅಂಟು ಇದೇ.

ನಿಂಬೆಯ ದುಂಡಾಣುವಿನಲ್ಲಿ ಎರಡೂ ವ್ಯವಸ್ಥೆಗಳು ಕೆಲಸ ಮಾಡುತ್ತವೆಂದು ನಿಯಾನ್ ವಾಂಗ್ ಬಳಗ 2011 ಮತ್ತು 2012ರಲ್ಲಿ ತೋರಿಸಿದೆ. ದಾಳಿಂಬೆಯ ದುಂಡಾಣುವಿನ ಮಟ್ಟಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೆ.ಕೆ. ಮೊಂಡಲ್ ಮತ್ತು ಸಂಗಡಿಗರ ಕೆಲಸ ಮುಖ್ಯವಾದದ್ದು. ಸೂಜಿಯಂತ್ರದ ಮೂಲಕ ಸಾಗುವ ಎಕ್ಸ್‌ಒಪಿ-ಎನ್, ಎಕ್ಸ್‌ಒಪಿ-ಎಲ್ ಎಂಬ ಪ್ರೋಟೀನುಗಳು ದಾಳಿಂಬೆಯ ರಕ್ಷಣೆಯನ್ನು ಕುಗ್ಗಿಸುತ್ತವೆಂದು ಅವರು ತೋರಿಸಿದರು. ಎಕ್ಸ್‌ಒಪಿ-ಎನ್ ಇಲ್ಲದ ದುಂಡಾಣು ಎಲೆಯೊಳಗೆ ಸೊರಗುತ್ತದೆ.

ತಕರಾರಿನ ತಿರುಳು

ಸಾಮಾನ್ಯವಾಗಿ ಆರ್‌ಪಿಎಫ್ ಕೀಲಿಯನ್ನು ‘ಸಂಖ್ಯೆಯ ಕೀಲಿ’ ಎಂದೂ ಎಚ್‌ಆರ್‌ಪಿ ಕೀಲಿಯನ್ನು ‘ಜಾಗದ ಕೀಲಿ’ ಎಂದೂ ಬೇರ್ಪಡಿಸಿ ಹೇಳುತ್ತಾರೆ. ಎರಡನೆಯದರ ಬಗ್ಗೆ ನನಗೆ ಆಕ್ಷೇಪವಿಲ್ಲ. ಮೊದಲನೆಯದನ್ನು ಒಪ್ಪಲಾರೆ.

2002ರಲ್ಲಿ ರೋಸ್‌ಮೇರಿ ರೆಡ್‌ಫೀಲ್ಡ್ ಒಂದು ಸರಳ ಪ್ರಶ್ನೆ ಎತ್ತಿದರು. ಸಂಕೇತ ದಟ್ಟವಾಗಲು ಕೋಶಗಳು ಹೆಚ್ಚಬೇಕೆಂದೇನೂ ಇಲ್ಲ, ಅದು ಹರಡಿಹೋಗದೆ ನಿಂತರೂ ದಟ್ಟವಾಗುತ್ತದೆ. ಹಾಗಿದ್ದ ಮೇಲೆ ಸಂಕೇತ ಅಳೆಯುವುದು ಜನಸಂಖ್ಯೆಯನ್ನೆಂದು ಏಕೆ ಹೇಳಬೇಕು? ಹೊರಬಿಟ್ಟದ್ದು ಹತ್ತಿರವೇ ಉಳಿಯುತ್ತದೆಯೋ ಕೊಚ್ಚಿಹೋಗುತ್ತದೆಯೋ ಎಂದು ಒಂಟಿ ಕೋಶ ತನಗಾಗಿ ಪರೀಕ್ಷಿಸಿಕೊಳ್ಳುವ ಉಪಾಯ ಅದಾಗಿರಬಾರದೇಕೆ? ಕಿಣ್ವ ತಯಾರಿಸುವುದು ದುಬಾರಿ ಕೆಲಸ. ಹರಿವ ನೀರಿನಲ್ಲಿ ಅದನ್ನು ಬಿಟ್ಟರೆ ದಂಡ, ಇಕ್ಕಟ್ಟಾದ ಬಿಲದಲ್ಲಿ ಬಿಟ್ಟರೆ ಲಾಭ. ಈ ವಾದಕ್ಕೆ ಅವರಿಟ್ಟ ಹೆಸರು ಪ್ರಸರಣ ಸಂವೇದನೆ. 2007ರಲ್ಲಿ ಹೆನ್ಸ್ ಮತ್ತು ಸಂಗಡಿಗರು ಎರಡನ್ನೂ ಬೆಸೆದು, ಸಂಖ್ಯೆ, ಹಂಚಿಕೆ, ಪ್ರಸರಣ ಮೂರೂ ಕೂಡಿ ಸಂಕೇತದ ಮಟ್ಟವನ್ನು ನಿರ್ಧರಿಸುತ್ತವೆ ಎಂದರು. ತಾತ್ವಿಕವಾಗಿ ಹೆನ್ಸ್ ಹೇಳಿದ್ದೇ ಸರಿ. ಆದರೆ ‘ಮೂರೂ ಮುಖ್ಯ’ ಎಂದು ನಿಲ್ಲಿಸಿದರೆ ಒಂದು ನಿರ್ದಿಷ್ಟ ರೋಗದಲ್ಲಿ, ನಿರ್ದಿಷ್ಟ ಗಳಿಗೆಯಲ್ಲಿ ಯಾವುದರ ಕೈ ಮೇಲು ಎಂಬುದು ತಿಳಿಯದೇ ಉಳಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಎಲೆಯ ಉಸಿರುಬಾಯಿ, ಎಂದರೆ ಪತ್ರರಂಧ್ರದ ಕೆಳಗೆ ಒಂದು ಪುಟ್ಟ ಗೂಡಿರುತ್ತದೆ. ಅದರ ಉದ್ದ, ಅಗಲ, ಆಳ ಸುಮಾರು 50 ಮೈಕ್ರೊಮೀಟರ್ ಎಂದಿಟ್ಟುಕೊಂಡರೆ ಗಾತ್ರ 1,25,000 ಘನ ಮೈಕ್ರೊಮೀಟರ್. ಒಂದು ಮಿಲಿಲೀಟರಿನ ಕೋಟಿಯಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಅಲ್ಲಿ 100 ದುಂಡಾಣುಗಳಿದ್ದರೆ ದಟ್ಟಣೆ ಮಿಲಿಲೀಟರಿಗೆ ಸುಮಾರು 100 ಕೋಟಿಯ ಆಸುಪಾಸು. ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ದುಂಡಾಣುಗಳು ರಾತ್ರಿಯಿಡೀ ಬೆಳೆದು ಮಂದವಾದಾಗ ಇರುವ ದಟ್ಟಣೆ ಇದೇ ಮಟ್ಟದ್ದು. ಡಿಎಸ್‌ಎಫ್ ಅಲ್ಲಿ ಚೆನ್ನಾಗಿ ಶೇಖರವಾಗಿರುತ್ತದೆ. ಅಷ್ಟಾದರೂ ಈ 100 ಕೋಶಗಳು ತುಂಬಿರುವುದು ಗೂಡಿನ ಸಾವಿರದಲ್ಲೊಂದು ಭಾಗವನ್ನು ಮಾತ್ರ. ಒಂದೇ ಒಂದು ದುಂಡಾಣು ಒಳಹೊಕ್ಕರೂ ಏಳು ಸಲ ಇಬ್ಭಾಗವಾದರೆ 128 ಆಗುತ್ತದೆ. ಒಂದು ಸಲ ಇಬ್ಭಾಗವಾಗಲು ನಾಲ್ಕು ಗಂಟೆ ಹಿಡಿಯಿತೆಂದೇ ಎಣಿಸಿದರೂ 28 ಗಂಟೆ ಸಾಕು. ರೈತನ ಕಣ್ಣಿಗೆ ಚುಕ್ಕೆ ಬೀಳುವ ಹೊತ್ತಿಗೆ ಅದರ ಎಷ್ಟೋ ಪಾಲು ಸಮಯ ಕಳೆದಿರುತ್ತದೆ.

ನೂರು ದುಂಡಾಣುಗಳನ್ನು ಸೇನೆ ಎನ್ನಲಾಗದು. ಎಲೆಯ ಮೇಲೆ ಹರಡಿದ ಲಕ್ಷಾಂತರ ದುಂಡಾಣುಗಳಿಗೆ ಸಿಗದ ಸಂಕೇತ ಈ ನೂರಕ್ಕೆ ಸಿಕ್ಕರೆ, ಆ ವ್ಯತ್ಯಾಸ ಬಂದದ್ದು ಜಾಗದಿಂದ.

ಈ ಲೆಕ್ಕಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಆ ಗೂಡು ಮುಚ್ಚಿದ ಡಬ್ಬಿಯಲ್ಲ. ಆರೋಗ್ಯವಂತ ಎಲೆಯಲ್ಲಿ ಅಲ್ಲಿರುವುದು ಗಾಳಿ. ಕೋಶಗಳ ಗೋಡೆಗೆ ಅಂಟಿದ ನೀರಿನ ಪೊರೆ ತೀರ ತೆಳು. ಅಕ್ಕಪಕ್ಕದ ಸಂದುಗಳಿಗೆಲ್ಲ ಅದು ತೆರೆದುಕೊಂಡಿರುತ್ತದೆ. ಅಂದಮೇಲೆ ನೀರು ತುಂಬಿದ ಗೂಡೆಂದು ನಾನು ಲೆಕ್ಕ ಹಾಕಿದ್ದು ಹೇಗೆ ಸರಿಯಾದೀತು?

ಇದಕ್ಕೆ ಉತ್ತರ ಎಚ್‌ಆರ್‌ಪಿ ಕೀಲಿಯ ಕಡೆಯಿಂದ ಬರುತ್ತದೆ. 2016ರಲ್ಲಿ ಶೆಂಗ್ ಯಾಂಗ್ ಹಿ ಅವರ ಬಳಗ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಸಸ್ಯರೋಗಾಣುವಿನಲ್ಲಿ ಒಂದು ಮಹತ್ವದ ಸಂಗತಿ ಕಂಡಿತು. ಸೂಜಿಯಂತ್ರದ ಮೂಲಕ ಸಾಗುವ ಕೆಲವು ಪ್ರೋಟೀನುಗಳ ಕೆಲಸವೇ ಎಲೆಯ ಒಳಸಂದುಗಳಲ್ಲಿ ನೀರು ತುಂಬಿಸುವುದು. ಅದಕ್ಕೆ ಸುತ್ತಲ ಗಾಳಿಯಲ್ಲಿ ತೇವ ಜೋರಾಗಿರಬೇಕು. ನೀರು ನೆನೆದ ಚುಕ್ಕೆ ಮೊದಲು ಬರುತ್ತದೆ, ರೋಗದ ಉಳಿದ ಲಕ್ಷಣಗಳು ಆಮೇಲೆ. ಮರುವರ್ಷ ಟೊಮೆಟೊದ ಒಂದು ಕ್ಸಾಂಥೋಮೊನಾಸಿನಲ್ಲಿಯೂ ನೀರು ಎಳೆದುಕೊಳ್ಳುವ ಇಂಥ ಪ್ರೋಟೀನು ಪತ್ತೆಯಾಯಿತು. ಅದರ ಅಣುಮಾರ್ಗ ಬೇರೆ, ಫಲ ಒಂದೇ. ನೀರು ನೆನೆದ ಚುಕ್ಕೆಯನ್ನು ನಾವು ಈವರೆಗೆ ರೋಗದ ‘ಲಕ್ಷಣ’ ಎಂದು ಬರೆದುಕೊಂಡು ಬಂದಿದ್ದೇವೆ. ಅದನ್ನು ರೋಗಾಣು ಕಟ್ಟಿಕೊಂಡ ಮನೆ ಎಂದು ಓದಬೇಕು.

ಹೀಗೆ ನೋಡಿದರೆ ಎರಡು ಕೀಲಿಗಳ ನಡುವೆ ಒಂದು ಅನುಕ್ರಮ ಕಾಣುತ್ತದೆ. ಎಲೆಯೊಳಗಿನ ತೆಳು ರಸದ ಸುಳಿವಿಗೆ ಎಚ್‌ಆರ್‌ಪಿ ಎಚ್ಚರಗೊಳ್ಳುತ್ತದೆ. ಅದು ಸಾಗಿಸಿದ ಪ್ರೋಟೀನುಗಳು ಸಂದಿನಲ್ಲಿ ನೀರು ನಿಲ್ಲಿಸುತ್ತವೆ. ನೀರು ನಿಂತ ಸಂದಿನಲ್ಲಿ, ಕೆಲವೇ ಕೋಶಗಳು ಬಿಟ್ಟ ಡಿಎಸ್‌ಎಫ್ ಚದುರದೆ ಉಳಿದು ಆರ್‌ಪಿಎಫ್ ಕೀಲಿಯನ್ನು ತಿರುಗಿಸುತ್ತದೆ. ಆಗ ಹೊರಬರುವ ಅಂಟು ಆ ನೀರನ್ನು ಹಿಡಿದಿಡುತ್ತದೆ. ಸಂಖ್ಯೆ ನಿಜಕ್ಕೂ ಹಿಗ್ಗುವುದು ಇದಾದ ಬಳಿಕ. ‘ಮೊದಲು ಸಂಖ್ಯೆ, ಆಮೇಲೆ ಉಗ್ರತೆ’ ಎಂಬ ರೂಢಿಯ ಮಾತನ್ನು ದಾಳಿಂಬೆ ಅಂಗಮಾರಿಯ ಮೊದಲ ಹಂತದ ಮಟ್ಟಿಗೆ ತಿರುಗುಮುರುಗು ಮಾಡಬೇಕೆಂದು ನಾನು ಹೇಳುವುದು ಈ ಅರ್ಥದಲ್ಲಿ.

ಈ ಮಾತನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದನ್ನೂ ಹೇಳಬೇಕು. ನಾನು ಆಧರಿಸಿದ ಪುರಾವೆ ದಾಳಿಂಬೆಯ ದುಂಡಾಣುವಿನ ನಂಟರಿಷ್ಟರದು. ಮೊಂಡಲ್ ಬಳಗದ ಕೆಲಸ ನೇರವಾಗಿ ದಾಳಿಂಬೆಯದೇ ಆದರೂ ಅದು ಮುಖ್ಯವಾಗಿ ಗಿಡದ ರಕ್ಷಣೆಯ ಕುಗ್ಗುವಿಕೆಯ ಬಗ್ಗೆ. ಎಕ್ಸ್‌ಒಪಿ-ಎನ್ ಇಲ್ಲದಾಗ ದುಂಡಾಣು ಸೊರಗುವುದಕ್ಕೆ ನೀರಿನ ಕೊರತೆಯೇ ಕಾರಣವೆಂದು ಅದರಿಂದ ಸಾಧಿಸಲಾಗದು. ಅಂಟಿನ ವಿಷಯದಲ್ಲಿಯೂ ಎಚ್ಚರ ಬೇಕು. ಕ್ಸಾಂಥನ್ ನೀರಿನ ಹರಿವನ್ನು ತಡೆಯುತ್ತದೆ ನಿಜ, ಆದರೆ ಡಿಎಸ್‌ಎಫ್‌ನಷ್ಟು ಚಿಕ್ಕ ಅಣು ಅಂಟಿನೊಳಗೂ ಹೆಚ್ಚುಕಡಿಮೆ ನೀರಿನಲ್ಲಿದ್ದಂತೆಯೇ ಸರಿದಾಡಬಹುದು. ಜೊತೆಗೆ ಆರ್‌ಪಿಎಫ್-ಬಿ ಎಂಬ ಕಿಣ್ವ ಡಿಎಸ್‌ಎಫ್ ಅನ್ನು ಕರಗಿಸುತ್ತಲೂ ಇರುತ್ತದೆ. ಸಂಕೇತದ ಮಟ್ಟವೆಂಬುದು ಹುಟ್ಟು, ಹರಡು, ಕರಗು ಮೂರರ ಲೆಕ್ಕಾಚಾರ. ನನ್ನ 100 ಕೋಶಗಳ ಲೆಕ್ಕ ಸಾಧ್ಯತೆಯನ್ನಷ್ಟೇ ತೋರಿಸುತ್ತದೆ, ಸಂಭವಿಸಿತೆಂಬುದನ್ನಲ್ಲ.

ಇನ್ನೊಂದು ಆಕ್ಷೇಪ ಎಲೆಯ ಹೊರಮೈಯಿಂದ ಬರುತ್ತದೆ. ಎಲೆಕೋಸಿನ ದುಂಡಾಣು ಒಳಹೋಗಬೇಕಾದರೆ ಗಿಡ ಮುಚ್ಚಿಕೊಂಡ ಪತ್ರರಂಧ್ರವನ್ನು ತೆರೆಸಬೇಕು. ಅದಕ್ಕೆ ಡಿಎಸ್‌ಎಫ್ ಹತೋಟಿಯಲ್ಲಿರುವ ಒಂದು ವಸ್ತು ಬೇಕೆಂದು ಗುಡೆಸ್‌ಬ್ಲಾಟ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದಾರೆ. ಹಾಗಾದರೆ ಒಳಗೆ ಕಾಲಿಡುವ ಮೊದಲೇ, ಬಯಲಲ್ಲೇ, ಆರ್‌ಪಿಎಫ್ ಕೀಲಿ ತಿರುಗಿರಬೇಕಲ್ಲ? ಇದು ನನ್ನ ಅನುಕ್ರಮವನ್ನು ಮುರಿಯುವಂತೆ ಕಾಣುತ್ತದೆ. ಆದರೆ ಎಲೆಯ ಹೊರಮೈ ಎಲ್ಲ ಕಡೆಯೂ ಒಂದೇ ಬಯಲಲ್ಲ. ಡುಲ್ಲಾ ಮತ್ತು ಲಿಂಡೋ 2008ರಲ್ಲಿ ಸ್ಯೂಡೊಮೊನಾಸ್ ಸಿರಿಂಜೆಯ ಮೇಲೆ ನಡೆಸಿದ ಸೊಗಸಾದ ಕೆಲಸದಲ್ಲಿ, ಎಲೆಯ ಮೇಲಿನ ಕೆಲವು ಹತ್ತು ಕೋಶಗಳ ಗುಂಪೂ ‘ಕೋರಂ’ ಮುಟ್ಟಬಲ್ಲದು, ಆ ಕೋರಂ ಎಷ್ಟೆಂಬುದನ್ನು ಎಲೆಯ ಮೇಲಿನ ನೀರು ನಿರ್ಧರಿಸುತ್ತದೆ ಎಂದು ಕಂಡರು. ಎಲೆ ಒಣಗಿದ್ದರೆ ಚಿಕ್ಕ ಗುಂಪಿಗೂ ಸಂಕೇತ ದಕ್ಕುತ್ತದೆ, ನೀರು ಹರಡಿದರೆ ಸಂಕೇತ ತೆಳುವಾಗಿ ದೊಡ್ಡ ಗುಂಪು ಬೇಕಾಗುತ್ತದೆ. ಅವರ ಸಂಕೇತ ವಸ್ತು ಬೇರೆ ಜಾತಿಯದು, ಡಿಎಸ್‌ಎಫ್ ಅಲ್ಲ. ಆದರೂ ತತ್ವ ಸ್ಪಷ್ಟ: ಹೊರಗೂ ಒಳಗೂ ಆಳುವುದು ನೀರಿನ ಆಕಾರ. ಆದ್ದರಿಂದ ಗುಡೆಸ್‌ಬ್ಲಾಟರ ಪುರಾವೆಯನ್ನು ಒಪ್ಪಿ, ನನ್ನ ಅನುಕ್ರಮವನ್ನು ಅಷ್ಟರ ಮಟ್ಟಿಗೆ ಸಡಿಲಿಸುತ್ತೇನೆ. ಹೊರಗೆ ಪತ್ರರಂಧ್ರದ ಅಂಚಿನ ಸಣ್ಣ ಗುಂಪುಗಳಲ್ಲಿ ಆರ್‌ಪಿಎಫ್ ಒಮ್ಮೆ ಮಿನುಗಿರಬಹುದು, ಒಳಗೆ ನೀರು ನಿಂತ ಮೇಲೆ ಮತ್ತೆ ಬಲವಾಗಿ ಹೊತ್ತಿಕೊಳ್ಳಬಹುದು.

ಮೂರನೆಯ ಆಕ್ಷೇಪ ನಮ್ಮ ನೆರೆಯ ಹೈದರಾಬಾದಿನದು, ನಾನು ಹೆಚ್ಚು ಗೌರವಿಸುವಂಥದು. 2002ರಲ್ಲಿ ಸುಭದೀಪ್ ಚಟರ್ಜಿ ಮತ್ತು ರಮೇಶ್ ಸೋಂಟಿ ಭತ್ತದ ಎಲೆ ಅಂಗಮಾರಿಯ ದುಂಡಾಣುವಿನಲ್ಲಿ ಆರ್‌ಪಿಎಫ್-ಎಫ್ ಜೀನನ್ನು ಕೆಡಿಸಿದರು. ಉಗ್ರತೆ ಕುಗ್ಗಿತು, ಆದರೆ ಎಲೆಕೋಸಿನ ದುಂಡಾಣುವಿನಂತೆ ಅಂಟಾಗಲಿ ಕಿಣ್ವಗಳಾಗಲಿ ಕಡಿಮೆಯಾಗಲಿಲ್ಲ. ಕೊರತೆ ಕಂಡದ್ದು ಕಬ್ಬಿಣ ವಿರಳವಾದಾಗ ಬೆಳೆಯುವ ಸಾಮರ್ಥ್ಯದಲ್ಲಿ. ದ್ರಾಕ್ಷಿಗೆ ರೋಗ ತರುವ ಕ್ಸೈಲೆಲ್ಲಾ ಎಂಬ ದುಂಡಾಣುವಿನಲ್ಲಂತೂ ಎಲ್ಲ ತಿರುಗುಮುರುಗು. 2004ರಲ್ಲಿ ನ್ಯೂಮನ್ ಮತ್ತು ಸಂಗಡಿಗರು ಅದೇ ಜೀನನ್ನು ಕೆಡಿಸಿದಾಗ ರೋಗ ಇನ್ನಷ್ಟು ಉಗ್ರವಾಯಿತು, ಆದರೆ ಕೀಟದ ಮೂಲಕ ಗಿಡದಿಂದ ಗಿಡಕ್ಕೆ ದಾಟುವ ಶಕ್ತಿ ಹೋಯಿತು. ಕೀಲಿ ಒಂದೇ, ತೆರೆಯುವ ಬಾಗಿಲು ಬೇರೆ ಬೇರೆ. ಹಾಗಿರುವಾಗ ಎಲೆಕೋಸಿನಿಂದ ದಾಳಿಂಬೆಗೆ ಜಿಗಿಯುವುದು ಸರಿಯೇ? ಪೂರ್ತಿ ಸರಿಯಲ್ಲ. ನಿಂಬೆಯಿಂದ ದಾಳಿಂಬೆಗೆ ಬರುವುದು ಅಷ್ಟು ದೊಡ್ಡ ಜಿಗಿತವಲ್ಲ, ಎರಡೂ ಒಂದೇ ಪ್ರಭೇದದೊಳಗಿನವು ಎಂಬ ಸಮಾಧಾನವಷ್ಟೇ ನನ್ನದು. ಇನ್ನು ಕಬ್ಬಿಣದ ಮಾತು ಬಂದಾಗ ನಮ್ಮ ಕೆಂಪು ನೆಲವನ್ನೂ ಪಕ್ಕದ ಸಂಡೂರಿನ ಅದಿರನ್ನೂ ನೆನೆಯುವ ಆಸೆಯಾಗುವುದು ಸಹಜ. ಆ ಆಸೆಯನ್ನು ತಡೆಯಬೇಕು. ನೆಲದ ಕಬ್ಬಿಣ ಬೇರೆ, ಎಲೆಯ ಒಳಸಂದಿನಲ್ಲಿ ದುಂಡಾಣುವಿಗೆ ದಕ್ಕುವ ಕಬ್ಬಿಣ ಬೇರೆ.

ಬಹಾರು, ಮಳೆ, ಔಷಧ

ದಾಳಿಂಬೆ ಬೆಳೆಗಾರ ಎಥ್ರೆಲ್ ಹೊಡೆದು ಎಲೆ ಉದುರಿಸಿ, ಚಾಟನಿ ಮಾಡಿ, ನೀರು ಕೊಟ್ಟು ಹೂ ಬರಿಸುವ ಕಾಲವನ್ನು ತಾನೇ ಆರಿಸಿಕೊಳ್ಳುತ್ತಾನೆ. ಜನವರಿ–ಫೆಬ್ರುವರಿಯದು ಅಂಬೆ ಬಹಾರ್, ಜೂನ್–ಜುಲೈಯದು ಮೃಗ, ಸೆಪ್ಟೆಂಬರ್–ಅಕ್ಟೋಬರಿನದು ಹಸ್ತ. ಮೃಗಶಿರಾ ಮಳೆ, ಹಸ್ತಾ ಮಳೆಯ ಹೆಸರುಗಳೇ ಬಹಾರುಗಳ ಹೆಸರೂ ಆಗಿವೆ. ಅಂಗಮಾರಿ ಹೆಚ್ಚು ಕಾಡುವುದು ಮೃಗ ಬಹಾರಿನಲ್ಲಿ ಎಂಬುದನ್ನು ರೈತರೂ ತಜ್ಞರೂ ಬಲ್ಲರು. ರೂಢಿಯ ವಿವರಣೆ: ತೇವಕ್ಕೆ ದುಂಡಾಣು ಬೇಗ ವೃದ್ಧಿಯಾಗುತ್ತದೆ, ಮಳೆಹನಿ ಅದನ್ನು ಗಿಡದಿಂದ ಗಿಡಕ್ಕೆ ಚಿಮ್ಮಿಸುತ್ತದೆ. ಚಿಮ್ಮುವ ಮಾತು ನಿಸ್ಸಂದೇಹವಾಗಿ ನಿಜ. ತೇವದ ಪಾತ್ರವನ್ನು ಮಾತ್ರ ಬೇರೆಯಾಗಿ ಹೇಳಬೇಕೆನಿಸುತ್ತದೆ. ಹೊರಗಿನ ನೀರು ಸಂಕೇತವನ್ನು ತೆಳುಗೊಳಿಸುವುದಾದರೆ, ಮಳೆ ಉಗ್ರತೆಗೆ ಹೊರಗಡೆ ಅಡ್ಡಿಯೇ ಹೌದು. ಅದು ನೆರವಾಗುವುದು ಒಳಗೆ: ದಿನಗಟ್ಟಲೆ ಮುಸುಕಿದ ಮೋಡ, ಆರದ ಗಾಳಿ, ಎಲೆಯೊಳಗಿನ ಸಂದಿನಲ್ಲಿ ನಿಂತ ನೀರು ಆವಿಯಾಗಿ ಹೋಗದಂತೆ ಕಾಯುತ್ತವೆ. ಹಾಗಿದ್ದರೆ ರೋಗದ ಮುನ್ಸೂಚನೆಗೆ ಎಷ್ಟು ಮಿಲಿಮೀಟರ್ ಮಳೆ ಬಂತೆಂಬುದಕ್ಕಿಂತ ಗಾಳಿಯ ತೇವ ಎಷ್ಟು ಗಂಟೆ ಬಿಡದೆ ನಿಂತಿತೆಂಬುದು ಒಳ್ಳೆಯ ಅಳತೆಯಾಗಬೇಕು. ಜಡಿಮಳೆ ಬಂದು ಮರುದಿನ ಬಿಸಿಲು ಹೊಡೆದ ವಾರಕ್ಕೂ ಹನಿಹನಿ ಸೋನೆ ಹಿಡಿದ ವಾರಕ್ಕೂ ಇರುವ ಅಂತರವನ್ನು ಈ ತಾಲ್ಲೂಕುಗಳ ಮಳೆಮಾಪನ ಕೇಂದ್ರಗಳ ದಾಖಲೆಯ ಜೊತೆಗಿಟ್ಟು ನೋಡಬಹುದು. ನನ್ನ ವಾದವನ್ನು ಸುಳ್ಳೆಂದು ತೋರಿಸಲು ಇದು ಅಗ್ಗದ ದಾರಿ ಕೂಡ.

ಔಷಧದ ವಿಷಯ. ಸ್ಟ್ರೆಪ್ಟೋಸೈಕ್ಲಿನ್ ಮತ್ತು ತಾಮ್ರದ ಆಕ್ಸಿಕ್ಲೋರೈಡನ್ನು ಬೆರೆಸಿ ಸಿಂಪಡಿಸುವುದು, ಬೋರ್ಡೋ ದ್ರಾವಣ ಹೊಡೆಯುವುದು ಇಲ್ಲಿಯ ವಾಡಿಕೆ. ಬೆಳೆಗಳ ಮೇಲೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಅದೇ ಔಷಧಗಳು ಮನುಷ್ಯರಿಗೂ ಬೇಕಾದವು. ಗಿಡದ ಮೇಲಿನ ದುಂಡಾಣು ಅವಕ್ಕೆ ಒಗ್ಗಿಕೊಂಡರೆ ಆ ಹಾನಿ ತೋಟದ ಬೇಲಿಯೊಳಗೇ ನಿಲ್ಲುವುದಿಲ್ಲ. ಈ ಕಾರಣಕ್ಕೆ ದುಂಡಾಣುವನ್ನು ಕೊಲ್ಲದೆ ಅದರ ಸಂಕೇತವನ್ನು ಮಾತ್ರ ಅಳಿಸುವ ಉಪಾಯ ಹಲವರ ಮನಸ್ಸು ಸೆಳೆದಿದೆ. ಡಿಎಸ್‌ಎಫ್ ಅನ್ನು ಬೇಗ ಕರಗಿಸಬಲ್ಲ ಇತರ ಬ್ಯಾಕ್ಟೀರಿಯಾಗಳನ್ನು ರೋಗಾಣುವಿನ ಜೊತೆಗೇ ಸೇರಿಸಿದಾಗ ಸಾಸಿವೆ, ಎಲೆಕೋಸುಗಳಲ್ಲಿ ರೋಗ ತಗ್ಗಿತೆಂದು ನ್ಯೂಮನ್, ಚಟರ್ಜಿ, ಲಿಂಡೋ ಮತ್ತಿತರರು 2008ರಲ್ಲಿ ವರದಿ ಮಾಡಿದ್ದಾರೆ. ಒಳ್ಳೆಯ ದಾರಿ. ಆದರೆ ಕೀಲಿ ತಿರುಗುವುದು ನೀರು ನಿಂತ ಒಳಸಂದಿನಲ್ಲಿ ಎಂಬ ನನ್ನ ವಾದ ಸರಿಯಾದರೆ, ಎಲೆಯ ಮೇಲ್ಮೈಗೆ ಸಿಂಪಡಿಸಿದ ಸಂಕೇತನಾಶಕ ಬೇಕಾದಲ್ಲಿಗೆ ತಲುಪದು. ಆ ಪ್ರಯೋಗದಲ್ಲಿ ಎರಡನ್ನೂ ಒಟ್ಟಿಗೆ ಸೇರಿಸಿದ್ದರೆಂಬುದನ್ನು ತೋಟಕ್ಕೆ ಒಯ್ಯುವವರು ಮರೆಯಬಾರದು. ನೀರು ತುಂಬಿಸುವ ಹಂತವನ್ನೇ, ಎಂದರೆ ಎಚ್‌ಆರ್‌ಪಿ ಕೀಲಿಯನ್ನೇ ತಡೆಯುವ ವಸ್ತುಗಳ ಹುಡುಕಾಟ ದಾಳಿಂಬೆಗೆ ಹೆಚ್ಚು ಹೊಂದೀತು ಎಂದು ನನಗನಿಸುತ್ತದೆ.

ಉಳಿದ ಪ್ರಶ್ನೆಗಳು

ಈ ಅನುಕ್ರಮವನ್ನು ನೇರವಾಗಿ ಪರೀಕ್ಷಿಸುವ ವಿಧಾನ ಕೈಗೆಟುಕದ್ದೇನಲ್ಲ. ಎಚ್‌ಆರ್‌ಪಿ ಜೀನಿನ ಚಾಲಕ ಭಾಗಕ್ಕೆ ಹಸಿರು ಬೆಳಕಿನ ಪ್ರೋಟೀನನ್ನೂ ಡಿಎಸ್‌ಎಫ್‌ಗೆ ಸ್ಪಂದಿಸುವ ಜೀನಿನ ಚಾಲಕಕ್ಕೆ ಕೆಂಪು ಬೆಳಕಿನದನ್ನೂ ಜೋಡಿಸಿ, ಆ ದುಂಡಾಣುವನ್ನು ಕೇಸರ್ ತಳಿಯ ಎಲೆಗೆ ಸೋಂಕಿಸಿ ಗಂಟೆಗಂಟೆಗೂ ನೋಡಬೇಕು. ಹಸಿರು ಮೊದಲು ಕಂಡು, ಚುಕ್ಕೆಗೆ ನೀರು ಬಂದ ಮೇಲೆ ಕೆಂಪು ಹೊತ್ತಿಕೊಂಡರೆ ವಾದ ನಿಂತೀತು. ಎರಡೂ ಒಟ್ಟಿಗೆ ಬಂದರೆ, ಅಥವಾ ಕೆಂಪು ಮೊದಲು ಬಂದರೆ, ಇಲ್ಲಿ ಬರೆದದ್ದರ ಬಹುಪಾಲನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಆರ್‌ಪಿಎಫ್-ಎಫ್ ಕೆಡಿಸಿದ ದಾಳಿಂಬೆ ದುಂಡಾಣುವಿಗೆ ಕಬ್ಬಿಣ ಕೊಟ್ಟಾಗ ಉಗ್ರತೆ ಮರಳುತ್ತದೆಯೇ ಎಂಬುದು ಎರಡನೆಯ ಪರೀಕ್ಷೆ. ಅದು ಭತ್ತದ ದಾರಿಯದೋ ಎಲೆಕೋಸಿನ ದಾರಿಯದೋ ಎಂಬುದು ಅಲ್ಲಿ ತಿಳಿಯುತ್ತದೆ.

ಇವೆರಡರಿಂದಲೂ ಬಗೆಹರಿಯದ ಒಂದು ಸಂಗತಿ ಇದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ವಿಶ್ರಾಂತಿಗೆ ಬಿಟ್ಟ ತೋಟದಲ್ಲಿ ದುಂಡಾಣು ಕಾಂಡದ ಕಪ್ಪು ಬಿರುಕುಗಳಲ್ಲಿ ಉಳಿದುಕೊಂಡಿರುತ್ತದೆ. ಅಲ್ಲಿ ನೀರಿಲ್ಲ, ಜಾಗ ಮಾತ್ರ ಬಹಳ ಇಕ್ಕಟ್ಟು. ನನ್ನ ವಾದದ ಪ್ರಕಾರ ಇಕ್ಕಟ್ಟು ಆರ್‌ಪಿಎಫ್ ಕೀಲಿಯನ್ನು ತಿರುಗಿಸಬೇಕು. ನೀರಿನ ಕೊರತೆ ಎಚ್‌ಆರ್‌ಪಿ ಕೀಲಿಯ ಫಲವನ್ನು ತಡೆಯಬೇಕು. ಒಂದು ತೆರೆದು ಇನ್ನೊಂದು ಮುಚ್ಚಿದ ಆ ಸ್ಥಿತಿಯಲ್ಲಿ ಅದು ತಿಂಗಳುಗಟ್ಟಲೆ ಹೇಗೆ ಬದುಕುತ್ತದೆ, ಮೃಗಶಿರಾ ಮಳೆಯ ಮೊದಲ ಹನಿಗೆ ಯಾವ ಕೀಲಿ ಮೊದಲು ಅಲುಗುತ್ತದೆ ಎಂಬುದನ್ನು ತಿಳಿಯಲು ಎಲೆಯನ್ನು ಬಿಟ್ಟು ಆ ಬಿರುಕಿನ ತೊಗಟೆಯನ್ನೇ ಕೊಯ್ದು ನೋಡಬೇಕು.